ಕೋಣ ಮೆಚ್ಚಿದ ವೈದ್ಯ

ಕೋಣನ ಗೊರಸಿನ ಸಂದಿಗೆ ಜಾಲಿಮುಳ್ಳು ನಾಟಿ ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟವಾಯಿತು. ಅದು ಕುಂಟುತ್ತ ವೈದ್ಯ ಕೊಕ್ಕರೆಯ ಬಳಿಗೆ ಹೋಯಿತು. ಕೊಕ್ಕರೆ ಬಗ್ಗಿ, ಕೊಕ್ಕಿನಿಂದ ಮುಳ್ಳನ್ನು ಕಿತ್ತೆಸೆದು, "ಆಯಿತು, ಹೋಗಿ ಬಾ," ಎಂದಿತು.

"ಇಷ್ಟೇನಾ? ಸೂಜಿ ಚುಚ್ಚುವುದಿಲ್ಲವೇ?"

"ಈಗ ನೋವಿದೆಯೇ?"

"ಇಲ್ಲ."

"ಮತ್ತೆ ಸೂಜಿ ಯಾಕಪ್ಪ?"

ಕೋಣನಿಗೆ ಅವಮಾನವಾಯಿತು. ಇಂಥ ದೇಹಕ್ಕೆ ಇಷ್ಟೇ ಚಿಕಿತ್ಸೆಯೇ ಎಂದುಕೊಂಡು ಅದು ದಾಪುಗಾಲು ಹಾಕುತ್ತ ಇನ್ನೊಬ್ಬ ವೈದ್ಯ ಮುಳ್ಳುಹಂದಿಯ ಬಿಲಕ್ಕೆ ಹೋಯಿತು. ಮುಳ್ಳುಹಂದಿ ಏನನ್ನೂ ಕೇಳದೆ ಹಿಂತಿರುಗಿ ಕಾಲಿಗೆ ತನ್ನ ಮುಳ್ಳುಮೈ ಒತ್ತಿತು. ಮುಳ್ಳೊಂದು ಕೋಣನ ಕಾಲಿನೊಳಗೆ ಮುರಿದು ಉಳಿಯಿತು. "ವೈದ್ಯರೆಂದರೆ ನೀವು," ಎಂದು ಕೈಮುಗಿಯುವಷ್ಟು ವಿನಯದಿಂದ ಹೇಳಿ ಕೋಣ ಕುಂಟುತ್ತ ಮನೆಗೆ ಬಂತು.

ವಾರ ಕಳೆದ ಮೇಲೆ ಸಿಂಹರಾಯ, ಕಾಡಿಗೆ ಒಬ್ಬರೇ ವೈದ್ಯರು ಸಾಕು, ಮೇಲಾದವರನ್ನು ಉಳಿಸಿಕೊಳ್ಳೋಣ ಎಂದು, ರೋಗಿಗಳ ಅಭಿಪ್ರಾಯ ಕೇಳಲು ನರಿಯನ್ನು ಕಳುಹಿಸಿದ.

"ಹೇಳಿ ಕೋಣಪ್ಪನವರೇ, ಯಾರ ಚಿಕಿತ್ಸೆ ಮೇಲು?"

"ಅದನ್ನೂ ಕೇಳಬೇಕೇ ನರಿಯಣ್ಣ? ಕೊಕ್ಕರೆ ಮಾಡಿದ್ದರ ಗುರುತೇ ಇಲ್ಲ. ಮುಳ್ಳುಹಂದಿಯವರದು ನೋಡಿ, ವಾರವಾದರೂ ಕಾಲು ಊರಲು ಬಿಡುತ್ತಿಲ್ಲ."

ನರಿ ಮೆಚ್ಚಿ ತಲೆದೂಗಿ, ಕಾಡು ಬಿಡುವಂತೆ ಕೊಕ್ಕರೆಗೆ ತಿಳಿಸಲು ಹೊರಟಿತು.