ಮೇಲಂಚಿನ ಕಚ್ಚು

ಮೈಸೂರಿನ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಅಂಬುಜಾಕ್ಷಿ, ಮುಬೀನಾ ಎಂಬ ಇಬ್ಬರು ಗೆಳತಿಯರು ಕೆಲಸ ಮಾಡುತ್ತಿದ್ದರು. ಇದು ಐವತ್ತು ವರ್ಷದ ಹಿಂದಿನ ಮಾತು. ಆಗ ಕಂಪ್ಯೂಟರ್ ಜೇಬಿನಲ್ಲಿ ಹಿಡಿಸುತ್ತಿರಲಿಲ್ಲ ಮಕ್ಕಳೇ, ಅದೊಂದಕ್ಕೇ ಒಂದು ಕೋಣೆ ಬೇಕಿತ್ತು. ಕೋಣೆಗೆ ಏಸಿ ಬೇರೆ. ಯಂತ್ರ ಮೇಲಿನ ಮಹಡಿಯಲ್ಲಿ ತಣ್ಣಗೆ ಕೂತಿರುತ್ತಿತ್ತು, ಮನುಷ್ಯರು ಕೆಳಗೆ ಬೆವರುತ್ತಿದ್ದರು.

ಅದಕ್ಕೆ ಏನು ಹೇಳಬೇಕಾದರೂ ದಪ್ಪ ಕಾಗದದ ಕಾರ್ಡಿನಲ್ಲಿ ತೂತು ಹೊಡೆದು ಹೇಳಬೇಕು. ಅಂಕಿಗಳ ಹಾಳೆ ನೋಡಿಕೊಂಡು ತೂತು ಹೊಡೆಯುವವಳು ಅಂಬುಜಾಕ್ಷಿ. ಅದೇ ಹಾಳೆ ನೋಡಿಕೊಂಡು, ಆ ಕಾರ್ಡನ್ನು ಇನ್ನೊಂದು ಯಂತ್ರಕ್ಕೆ ಹಾಕಿ ಅದೇ ಅಂಕಿಗಳನ್ನು ಮತ್ತೆ ಒತ್ತಿ ತಾಳೆ ನೋಡುವವಳು ಮುಬೀನಾ. ಇಬ್ಬರ ಅಂಕಿಯೂ ಒಂದೇ ಆದರೆ ಕಾರ್ಡಿನ ಬಲ ಅಂಚಿನಲ್ಲಿ ಸಣ್ಣ ಕಚ್ಚು ಬೀಳುತ್ತಿತ್ತು. ಬೇರೆಯಾದರೆ ಕೆಂಪು ದೀಪ ಹತ್ತುತ್ತಿತ್ತು. ಮೂರು ಸಲ ಒತ್ತಿದರೂ ತಾಳೆಯಾಗದಿದ್ದರೆ ಮೇಲಂಚಿಗೆ ಕಚ್ಚು. ಅದು ಅಂಬುಜಾಕ್ಷಿಯ ಹೆಸರಿಗೆ ಒಂದು ತಪ್ಪು.

ಎಂಥ ಚೆಂದದ ದಿನಗಳವು. ಮಧ್ಯಾಹ್ನ ಒಬ್ಬಳ ಚಿತ್ರಾನ್ನ ಇನ್ನೊಬ್ಬಳ ಡಬ್ಬಿಗೆ ಹೋಗುತ್ತಿತ್ತು. ಸಂಜೆ ಮನೆಗೆ ಹೋದರೆ ಜಡೆಯ ತುಂಬ ಕಾರ್ಡಿನಿಂದ ಉದುರಿದ ಕಾಗದದ ಚೂರು. ಇದೇನು ಆಫೀಸೋ ಮದುವೆ ಮನೆಯೋ ಎಂದು ಅಂಬುಜಾಕ್ಷಿಯ ಅಮ್ಮ ಗೊಣಗುತ್ತ ಹೆಕ್ಕುತ್ತಿದ್ದರು.

ಒಂದು ಬೇಸಿಗೆಯಲ್ಲಿ ಹತ್ತನೇ ತರಗತಿ ಪರೀಕ್ಷೆಯ ಅಂಕಗಳು ಅವರ ಕೈಗೆ ಬಂದವು. ತಿಂಗಳಿಡೀ ಒಂದೂ ಮೇಲಂಚಿನ ಕಚ್ಚಿಲ್ಲದೆ ಕೆಲಸ ಮಾಡಿದವಳನ್ನು ಮೇಲಿನ ಮಹಡಿಗೆ, ಪ್ರೋಗ್ರಾಂ ಬರೆಯುವುದನ್ನು ಕಲಿಯಲು ಕಳಿಸುವುದಾಗಿ ಅಧಿಕಾರಿ ಹೇಳಿದರು. ಅಲ್ಲಿಯವರೆಗೆ ಕಾರ್ಡಿನ ಕಟ್ಟು ಹೊತ್ತುಕೊಡಲು ಬಿಟ್ಟರೆ ಹೆಂಗಸರು ಆ ಮೆಟ್ಟಿಲು ಹತ್ತಿದ್ದೇ ಇಲ್ಲ. ಅಂಬುಜಾಕ್ಷಿಗೆ ಅದೊಂದೇ ಆಸೆ. ಇಪ್ಪತ್ತೊಂಬತ್ತು ದಿನ ಅವಳ ಬೆರಳು ತಪ್ಪಲಿಲ್ಲ.

ಮೂವತ್ತನೆಯ ದಿನ ಮುಬೀನಾಳ ಯಂತ್ರದಲ್ಲಿ ಕೆಂಪು ದೀಪ ಹತ್ತಿತು. ಇನ್ನೊಮ್ಮೆ ಒತ್ತಿದಳು, ಮತ್ತೆ ಹತ್ತಿತು. ಮೂರನೆಯ ಸಲ ಒತ್ತುವ ಮೊದಲು ಅವಳು ಗೆಳತಿಯನ್ನು ಮೆಲ್ಲಗೆ ಕರೆದಳು. ಪರೀಕ್ಷೆಯ ನಂಬರು ೪೧೭೬೩, ಗಣಿತ. ಹಾಳೆಯಲ್ಲಿ ಎಪ್ಪತ್ತೆರಡು ಇತ್ತು, ಅಂಬುಜಾಕ್ಷಿ ಇಪ್ಪತ್ತೇಳು ಹೊಡೆದಿದ್ದಳು.

ಖಾಲಿ ಕಾರ್ಡುಗಳನ್ನು ಎಣಿಸಿಯೇ ಕೊಡುತ್ತಿದ್ದರು, ಗುಟ್ಟಾಗಿ ಇನ್ನೊಂದು ಹೊಡೆಯುವಂತಿರಲಿಲ್ಲ. ಮುಬೀನಾಳೂ ಇಪ್ಪತ್ತೇಳು ಎಂದೇ ಒತ್ತಿಬಿಟ್ಟರೆ ಬಲ ಅಂಚಿಗೆ ಕಚ್ಚು ಬಿದ್ದು ಎಲ್ಲ ಮುಗಿಯುತ್ತಿತ್ತು. ಯಂತ್ರವೂ ನಂಬುತ್ತಿತ್ತು, ಅಧಿಕಾರಿಯೂ ನಂಬುತ್ತಿದ್ದರು. ಇದೊಂದು ಸಲ ಹಾಗೇ ಒತ್ತಿಬಿಡು ಎಂದು ಅಂಬುಜಾಕ್ಷಿ ಕೈ ಹಿಡಿದು ಬೇಡಿಕೊಂಡಳು.

ಮುಬೀನಾ ಸ್ಟೂಲು ಬಿಟ್ಟು ಎದ್ದಳು.

"ನನ್ನ ಕೈಲಿ ಆಗಲ್ಲ ಕಣೇ. ಒತ್ತೋದಾದ್ರೆ ನೀನೇ ಒತ್ತು. ಆ ಮಗು ಯಾರದ್ದೋ ನಮಗೆ ಗೊತ್ತಿಲ್ಲ, ಆದ್ರೆ ಅದಕ್ಕೆ ತಾನು ಬರೆದಿದ್ದು ಗೊತ್ತಿದೆ."

ಅಂಬುಜಾಕ್ಷಿ ಸಿಟ್ಟಿನಿಂದಲೇ ಕೂತಳು. ಬೆರಳು ಇಪ್ಪತ್ತೇಳರ ಮೊದಲ ಅಂಕಿ ಎರಡರ ಮೇಲೆ ಹೋಯಿತು. ಆಗ ಅವಳಿಗೆ ತನ್ನದೇ ಫಲಿತಾಂಶದ ದಿನ ನೆನಪಾಯಿತು. ಹೆಸರಿಲ್ಲ, ಬರೀ ನಂಬರುಗಳ ಸಾಲು. ಅಪ್ಪ ಪತ್ರಿಕೆಯನ್ನು ಜಗುಲಿಯ ಮೇಲೆ ಹರಡಿಕೊಂಡು, ಆ ಸಾಲುಗಳ ಮೇಲೆ ಬೆರಳಿಟ್ಟು ಇಳಿಸುತ್ತ ಬಂದಿದ್ದರು. ಒಮ್ಮೆ ನಂಬರು ಕಣ್ತಪ್ಪಿತು. ಆ ಅರ್ಧ ನಿಮಿಷ ಅವಳು ಉಸಿರಾಡಿರಲಿಲ್ಲ.

ಅವಳು ಬೆರಳು ಸರಿಸಿ ಹಾಳೆಯಲ್ಲಿದ್ದಂತೆ ಏಳನ್ನು ಒತ್ತಿದಳು. ಟಕ್ಕೆಂದು ಮೇಲಂಚಿಗೆ ಕಚ್ಚು ಬಿತ್ತು.

ಹೊಸ ಕಾರ್ಡು ಬಂತು, ಸರಿಯಾದ ಅಂಕ ಹೋಯಿತು. ಮೇಲಿನ ಮಹಡಿಗೆ ಆ ವರ್ಷ ತೂತು ಹೊಡೆಯುವವರಲ್ಲೇ ಬೇರೊಬ್ಬಳು ಹೋದಳು. ಅಂಬುಜಾಕ್ಷಿ ಮನಸಾರೆ ಅತ್ತಳು, ಮೂರು ವಾರ ಮುಬೀನಾಳ ಜೊತೆ ಮಾತು ಬಿಟ್ಟಳು. ಚಿತ್ರಾನ್ನವೂ ಅವರವರ ಡಬ್ಬಿಯಲ್ಲೇ ಉಳಿಯಿತು.

ಫಲಿತಾಂಶದ ಬೆಳಿಗ್ಗೆ ಮುಬೀನಾ ಪತ್ರಿಕೆ ಹಿಡಿದು ಅವಳ ಮನೆಗೇ ಬಂದಳು. ಇಬ್ಬರೂ ಅದೇ ಜಗುಲಿಯ ಮೇಲೆ ಕೂತು ಬೆರಳಿಟ್ಟು ಹುಡುಕಿದರು. ೪೧೭೬೩, ಪ್ರಥಮ ದರ್ಜೆ. ಅಂಬುಜಾಕ್ಷಿ ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು.

ಎರಡು ವರ್ಷ ಕಳೆದು ಅವಳೂ ಆ ಮೆಟ್ಟಿಲು ಹತ್ತಿದಳು, ಹಿಂದೆಯೇ ಮುಬೀನಾ ಕೂಡ. ತಲೆ ನೆರೆಯುವವರೆಗೆ ಅಂಬುಜಾಕ್ಷಿ ನೂರಾರು ಹುಡುಗಿಯರಿಗೆ ಪ್ರೋಗ್ರಾಂ ಬರೆಯಲು ಕಲಿಸಿದಳು. ಬರೆದದ್ದನ್ನು ಪಕ್ಕದವಳಿಗೆ ತೋರಿಸಿ ತಪ್ಪು ಹುಡುಕಿಸಿಕೊಳ್ಳುವುದು ಅವಳ ಮೊದಲ ಪಾಠ. ಈಗ ಅವಳಿಗೆ ಮರೆವು ಹೆಚ್ಚಿದೆ. ಸ್ವಂತ ಮೊಬೈಲ್ ನಂಬರನ್ನೂ ಮೊಮ್ಮಗಳನ್ನು ಕೇಳಿ ಹೇಳುತ್ತಾಳೆ. ನಾಲ್ಕು ಒಂದು ಏಳು ಆರು ಮೂರು ಮಾತ್ರ ಮರೆತಿಲ್ಲ. ಆ ಮಗು ಹುಡುಗನೋ ಹುಡುಗಿಯೋ, ಯಾವ ಊರಿನದೋ, ಅವಳಿಗೆ ಇಂದಿಗೂ ಗೊತ್ತಿಲ್ಲ.

ನೀತಿ: ನಮ್ಮ ಕೆಲಸದಿಂದ ಯಾರ ಬದುಕು ತಿರುಗುತ್ತದೋ ಅವರ ಮುಖ ನಮಗೆ ಕಾಣುವುದಿಲ್ಲ. ಅವರು ಎದುರಿಗೇ ಕೂತಿದ್ದಾರೆ ಎಂದುಕೊಂಡು ಕೆಲಸ ಮಾಡಬೇಕು. ನಮ್ಮ ತಪ್ಪನ್ನು ನಮಗೇ ತೋರಿಸಿಕೊಡುವ ಗೆಳತಿ ಸಿಕ್ಕರೆ ಅವಳನ್ನು ಕಳೆದುಕೊಳ್ಳಬಾರದು.