ಎದ್ದೇಳು ನೋಡೋಣ

ಮಲಪ್ರಭೆಯ ದಂಡೆಯ ಮೇಲೆ ಒಂದು ಪುಟ್ಟ ಆಶ್ರಮ. ಅಲ್ಲಿ ದಾನಮ್ಮ ಎಂಬ ಹಿರಿಯ ಜೀವವೊಂದಿತ್ತು. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು.

ಅವರ ಶಿಷ್ಯೆ ಕಸ್ತೂರಿ. ಹುಬ್ಬಳ್ಳಿಯಲ್ಲಿ ವಿಡಿಯೋ ಗೇಮು ಮಾಡುವುದು ಅವಳ ಕೆಲಸ. ತಿಂಗಳಿಗೊಮ್ಮೆ ಬಂದು ಅವ್ವನ ಬಳಿ ಕೂತು ಹೋಗುತ್ತಿದ್ದಳು.

ಆ ಸಲ ಬಂದಾಗ ಅವಳ ಮುಖ ಅರಳಿತ್ತು.

"ಅವ್ವಾ, ನನ್ನ ಹೊಸ ಆಟ ಮನಿಮನಿ ಮುಟ್ಟೈತ್ರಿ. ಲಕ್ಷಗಟ್ಟಲೆ ಮಕ್ಕಳು ಆಡ್ತಾರ."

"ಆಡಿ ಏನ್ ಕಲೀತಾರ?"

"ಕಲಿಯೂದೇನೈತ್ರಿ? ಬರೀ ಆಟ. ಆಡ್ತಾರ, ಮರೀತಾರ."

ಅವ್ವ ಕೊಡ ತೆಗೆದುಕೊಂಡು ಹೊಳೆಗೆ ಹೊರಟರು. ನಾನು ಹಿಡೀತೀನಿ ಎಂದು ಕಸ್ತೂರಿ ಎಷ್ಟು ಹೇಳಿದರೂ ಬಿಡಲಿಲ್ಲ. ಅವಳು ಹಿಂದಿನಿಂದ ನಡೆದಳು.

ಮೆಟ್ಟಿಲಿಗೆ ಪಾಚಿ ಕಟ್ಟಿತ್ತು. ಅವ್ವನ ಕಾಲು ಜಾರಿತು. ಕೊಡ ಉರುಳಿ ನೀರಿಗೆ ಬಿತ್ತು. ಅವ್ವ ಕಲ್ಲಿನ ಮೇಲೆ ಕುಸಿದರು.

ನೀರಿನಲ್ಲಿದ್ದ ನಾಲ್ಕೈದು ಮಕ್ಕಳು ಓಡಿಬಂದವು. ಎತ್ತಲು ಬಂದವು ಎಂದುಕೊಂಡಳು ಕಸ್ತೂರಿ. ಅವು ಅವ್ವನ ಸುತ್ತ ನಿಂತು ಮೂರು ಸಲ ತೊಡೆ ತಟ್ಟಿದವು. ಗಿರ್ರನೆ ಒಂದು ಸುತ್ತು ತಿರುಗಿದವು. ಬೆರಳು ತೋರಿಸಿ, ಎಲ್ಲ ಒಂದೇ ದನಿಯಲ್ಲಿ ಕೂಗಿದವು:

"ಎದ್ದೇಳು ನೋಡೋಣ!"

ಕಸ್ತೂರಿ ನಿಂತಲ್ಲೇ ನಿಂತಳು. ಆ ತಟ್ಟು, ಆ ಸುತ್ತು, ಆ ಮಾತು ಎಲ್ಲವೂ ಅವಳದೇ. ಆಟದಲ್ಲಿ ಎದುರಾಳಿ ನೆಲಕ್ಕೆ ಬಿದ್ದಾಗ ಗೆದ್ದವರು ಹೀಗೆ ಕುಣಿಯಲಿ ಎಂದು ಅವಳೇ ಬರೆದದ್ದು. ಬರೆದ ದಿನ ಆಫೀಸಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅವ್ವ ತಲೆಯೆತ್ತಿ ಹತ್ತಿರ ನಿಂತಿದ್ದ ಹುಡುಗಿಯನ್ನು ನೋಡಿದರು. ಮುಂದಿನ ಎರಡು ಹಲ್ಲು ಬಿದ್ದ ಹುಡುಗಿ.

"ಏಳ್ತೀನಿ ನನ್ನವ್ವ," ಎಂದರು. "ಒಬ್ಬಾಕಿಗೆ ಆಗವಲ್ದು. ಒಂದೀಟು ಕೈ ಹಿಡಿ."

ಹುಡುಗಿ ತಬ್ಬಿಬ್ಬಾದಳು. ಆಟದಲ್ಲಿ ಬಿದ್ದವರು ಮಾತಾಡುವುದಿಲ್ಲ. ಜೊತೆಯವರ ಮುಖ ನೋಡಿದಳು. ಆಮೇಲೆ ಮೆಲ್ಲಗೆ ತನ್ನ ಒದ್ದೆ ಕೈ ಚಾಚಿದಳು.

ಇನ್ನೊಬ್ಬಳು ಬೆನ್ನಿಗೆ ಆಸರೆಯಾದಳು. ಮತ್ತೊಬ್ಬ, ಯಾರೂ ಹೇಳದೆಯೇ, ತೇಲಿಹೋಗುತ್ತಿದ್ದ ಕೊಡದ ಹಿಂದೆ ನೀರಿಗೆ ಜಿಗಿದ.

"ನೋವಾತೇನವ್ವಾ?" ಎಂದು ಹುಡುಗಿ ಕೇಳಿದಳು.

"ಆಗಿತ್ತು. ಈಗ ಕಡಿಮಿ ಆತು."

ಆಶ್ರಮಕ್ಕೆ ಬಂದ ಮೇಲೆ ಕಸ್ತೂರಿ ಎಣ್ಣೆ ಬಿಸಿಮಾಡಿ ಅವ್ವನ ಮಂಡಿಗೆ ಹಚ್ಚತೊಡಗಿದಳು.

"ಅವ್ವಾ, ಆ ಕುಣಿತ ನಂದ್ರಿ. ಆ ಮಾತೂ ನಂದ."

"ಗೊತ್ತಾತು. ಅಲ್ಲೇ ನಿನ್ನ ಮುಖ ನೋಡಿದೆ."

"ನಾಳೇನ ತೆಗೆದು ಹಾಕ್ತೀನ್ರಿ. ಈ ಕೆಲಸಾನ ಬ್ಯಾಡ ನನಗ. ಬಿದ್ದಾವ್ರು ನೀವು, ಸುತ್ತ ನಿಂತು ನಕ್ಕಿದ್ದು ನಾನು..."

ಅವ್ವ ಸೆರಗಿನಿಂದ ಅವಳ ಕಣ್ಣು ಒರೆಸಿದರು.

"ಮಾತು ಛಲೋ ಐತಿ, ಮಗಳ. ತೆಗೀಬ್ಯಾಡ. ಕೈ ಹಿಡಿಯೂದೊಂದು ಬರಿಯೂದು ಬಾಕಿ ಐತಿ."