ಮೂರು ಮಂಜಿ ಗುಡ್ಡೆ

ಹಿರೇಬೇಲೆ ಅಳಿವೆಯ ತೆಂಕಣ ದಡದಲ್ಲಿ ಒಂದು ಬೋಳುಗುಡ್ಡೆಯಿದೆ. ಅದರ ನೆತ್ತಿಯ ಬಂಡೆಯಲ್ಲಿ ಬಾವುಟದ ಗಳ ನಿಲ್ಲಿಸಲು ಕಡಿದ ಮೂರು ಕುಳಿಗಳಿವೆ. ಊರವರು ಇದನ್ನು ಮೂರು ಮಂಜಿ ಗುಡ್ಡೆ ಎನ್ನುತ್ತಾರೆ. ಆದರೆ ಇಲ್ಲಿಂದ ಹೋಗಿ ಮರಳದೆ ಉಳಿದದ್ದು ಒಂದೇ ಮಂಜಿ.

ಹಿಂದೆ ಒಮ್ಮೆ, ಹಾಯಿ ಕಟ್ಟಿದ ಮಂಜಿಗಳೇ ಮುಂಬಯಿಗೆ ಹೆಂಚು, ಅಕ್ಕಿ ಹೊರುತ್ತಿದ್ದ ಕಾಲದಲ್ಲಿ, ಇಲ್ಲಿಯ ಅನಂತ ತಾಂಡೇಲನಿಗೆ ಮೂರು ಮಂಜಿಗಳೂ ಮೂವರು ಗಂಡುಮಕ್ಕಳೂ ಇದ್ದರು. ಒಬ್ಬೊಬ್ಬನಿಗೆ ಒಂದೊಂದು. ಒಡಹುಟ್ಟಿದವರು ಒಂದೇ ಹಡಗು ಹತ್ತಬಾರದೆಂಬುದು ಹಡಗಿನ ಮನೆತನಗಳ ಕಟ್ಟಳೆ. ಕಡಲು ಮುನಿದರೂ ದೇವರಿಗೆ ದೀಪ ಹಚ್ಚಲು ಮನೆಯಲ್ಲೊಬ್ಬ ಉಳಿಯಬೇಕಲ್ಲ. ಮಂಜಿ ಹೊರಟ ದಿನ ಗುಡ್ಡೆಯ ಮೇಲೆ ಅದರ ಬಾವುಟ ಏರಿದರೆ, ಅದು ಮರಳಿದ ಮೇಲೆಯೇ ಇಳಿಯುವುದು. ಆಮೇಲೆ ಹೊಗೆಹಡಗಿನ ಕಂಪನಿ ಬಂತು. ಸರಕೆಲ್ಲ ಅತ್ತ ಸರಿಯಿತು, ಖಲಾಸಿಗಳೂ ಅದರ ಹಿಂದೆಯೇ ಹೋದರು. ಎರಡು ಮಂಜಿಗಳನ್ನು ಒಡೆದು ಸೌದೆಗೆ ಕೊಟ್ಟ ದಿನ ತಾಂಡೇಲ ಹೊಸ್ತಿಲು ದಾಟಲಿಲ್ಲವಂತೆ.

ಉಳಿದೊಂದಕ್ಕೆ ಮಳೆಗಾಲದ ಮುಂಚಿನ ಕೊನೆಯ ಹೆಂಚಿನ ಸರಕು ಸಿಕ್ಕಿತು. ಅದನ್ನು ಮುಟ್ಟಿಸದಿದ್ದರೆ ಅದೂ ಸೌದೆಯೇ. ಹಗ್ಗ ಹಿಡಿಯಲು ಮಕ್ಕಳನ್ನು ಬಿಟ್ಟರೆ ಬೇರೆ ಕೈಗಳಿರಲಿಲ್ಲ. "ಹಾಯಿ ಎಳೀಲಿಕ್ಕೆ ಕಟ್ಟಳೇನ ಕಳಿಸ್ತ್ಯಾ ಅಪ್ಪ?" ಎಂದು ನಡುವಿನ ಮಗ ಪುಂಡಲೀಕ ಕುಟುಕಿದ. ತಾಂಡೇಲ ಮೂರು ದಿನ ದೇವರೆದುರು ಕೂತ. ನಾಲ್ಕನೆಯ ಬೆಳಿಗ್ಗೆ ಬಡಗಿಯನ್ನು ಕರೆಸಿ, ಒಡೆದುಹೋದ ಎರಡರ ಹೆಸರನ್ನೂ ಉಳಿದುದರ ಮೈಮೇಲೆ ಕೆತ್ತಿಸಿದ. ಮೂತಿಗೊಂದು, ಹೊಟ್ಟೆಗೊಂದು, ಹಿಂಬದಿಗೊಂದು. ಕಡಲರಾಜನ ಕಣ್ಣಿಗೆ ಇನ್ನು ಇವು ಮೂರು ಮಂಜಿಗಳು, ಯಾರೂ ತನ್ನ ಮಂಜಿಯ ಹೆಸರಿರುವ ಭಾಗ ಬಿಟ್ಟು ಕದಲಬೇಡಿರೆಂದು ಮಕ್ಕಳಿಗೆ ಹೇಳಿದ. ಕಡಲಿಗೆ ಒಪ್ಪಿಸುವ ತೆಂಗಿನಕಾಯಿ ಹಿಡಿದು ನಿಂತಿದ್ದ ಹೆಂಡತಿ ದೇಯಮ್ಮ, "ಹೆಸ್ರು ಮೂರಾದ್ರೂ ಹಲಗೆ ಒಂದೇ ಅಲ್ದಾ?" ಎಂದಳು. ಅವನು ಗುಡ್ಡೆ ಹತ್ತಿ ಮೂರು ಬಾವುಟ ಏರಿಸಿದ.

ಆ ವರ್ಷ ಮಳೆಗಾಳಿ ಹದಿನೈದು ದಿನ ಮುಂಚೆಯೇ ಬಿತ್ತು. ಆಷಾಢದಲ್ಲಿ ಅಳಿವೆಯ ಮರಳಿಗೆ ಒಂದು ಹಲಗೆ ಬಂದು ತಾಗಿತು. ಅದರ ಮೇಲಿದ್ದದ್ದು ಕಿರಿಯ ಮಗನ ಮಂಜಿಯ ಹೆಸರು. ತಾಂಡೇಲ ಆ ಮಗನಿಗೆ ಎಳ್ಳುನೀರು ಬಿಟ್ಟು, ಒಂದು ಬಾವುಟ ಇಳಿಸಿ, ಎರಡು ಇನ್ನೂ ದಾರಿಯಲ್ಲಿವೆ ಎಂದು ಗುಡ್ಡೆಯ ಮೇಲೆಯೇ ಕೂತು ಕಂಡವರಿಗೆಲ್ಲ ಹೇಳತೊಡಗಿದ. ದೇಯಮ್ಮ ದಿನವೂ ಗಂಜಿ ಹೊತ್ತು ಗುಡ್ಡೆ ಹತ್ತುವಳು. ಹಲಗೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಅವನು ಅಲ್ಲಿಯೇ, ಕಡಲಿಗೆ ಮುಖ ಮಾಡಿ ತೀರಿಕೊಂಡ ಎನ್ನುತ್ತಾರೆ.

ಇಂದಿಗೂ ಗುಡ್ಡೆ ಹತ್ತಿದವರಿಗೆ ಒಂದು ಕುಳಿ ಬರಿದಾಗಿ, ಉಳಿದೆರಡರಲ್ಲಿ ಬಿದಿರಿನ ಗಳವೂ ಬಿಳಿಬಟ್ಟೆಯೂ ಕಾಣುತ್ತವೆ. ಬಟ್ಟೆ ಹರಿದರೆ ಮೀನಿಗೆ ಹೋಗುವವರು ಹೊಸತು ಕಟ್ಟಿ ಬರುತ್ತಾರೆ. ಇಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ.